ಬೆಳಕು ನೋಡಲು ಕುಳಿತವಳು

ಬುದ್ಧಿಗೆ ನಿಲುಕದ ಸಂಗತಿಯನ್ನು ಯಾರಾದರೂ ಹೇಳತೊಡಗಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಕಣ್ಣಾರೆ ಕಂಡವರು ಯಾರು? ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯರ ಎಷ್ಟೋ ಕಥೆಗಳನ್ನು ಈ ಪ್ರಶ್ನೆಯಿಂದಲೇ ಕೊನೆಗಾಣಿಸಿದ್ದೆ. ಕಂಡವರು ಎಂದೂ ಸಿಗುತ್ತಿರಲಿಲ್ಲ. ಕಂಡವರ ಸೋದರಮಾವನೋ, ಅವರ ಪಕ್ಕದ ಮನೆಯವರೋ ಮಾತ್ರ ಸಿಗುತ್ತಿದ್ದರು. ಸಾಕ್ಷಿಯಿಲ್ಲದ ಮಾತಿಗೆ ಮಣಿಯುವವರು ನಾಳೆ ಅನ್ಯಾಯಕ್ಕೂ ಹಾಗೆಯೇ ಮಣಿಯುತ್ತಾರೆ ಎಂದು ವಾದಿಸುತ್ತಿದ್ದೆ. ಈಗಲೂ ಆ ವಾದವನ್ನು ಬಿಟ್ಟಿಲ್ಲ. ಆದರೆ ಈ ಬರಹದಲ್ಲಿ ಕಂಡವಳು ನಾನೇ. ನನ್ನ ಪ್ರಶ್ನೆ ನನ್ನ ಕಡೆಗೇ ತಿರುಗಿ ನಿಂತಿರುವುದರಿಂದ, ನಡೆದದ್ದನ್ನು ನಡೆದಂತೆ ಹೇಳುವುದಷ್ಟೇ ನನ್ನಿಂದ ಸಾಧ್ಯ.

ನಮ್ಮ ಮನೆ ಬೈಲಹೊಂಗಲದ ಹಳೆಯ ಪೇಟೆಯಲ್ಲಿದೆ. ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಹತ್ತಿ, ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದರು. ಅಪ್ಪನ ಅಕ್ಕ ನೀಲವ್ವ, ನಮಗೆಲ್ಲ ನೀಲವ್ವತ್ತಿ, ರಾಮದುರ್ಗ ತಾಲೂಕಿನ ಕಟಕೋಳಕ್ಕೆ ಮದುವೆಯಾಗಿ ಹೋಗಿದ್ದಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ, ನಾನು ಹುಟ್ಟುವ ಮೊದಲೇ, ತವರಿಗೆ ಮರಳಿದಳು. ನಮ್ಮದು ವಚನಗಳ ಸಮಾನತೆಯ ಮಾತನ್ನು ಬೆಳಗಿನ ಪೂಜೆಯೊಂದಿಗೇ ಕೇಳಿ ಬೆಳೆದ ಮನೆ. ಆಕೆಯ ಬಳೆ ಯಾರೂ ಒಡೆಯಲಿಲ್ಲ, ಆಕೆಗೆ ಯಾರೂ ಕಟುವಾಗಿ ಮಾತನಾಡಲಿಲ್ಲ. ಇದನ್ನು ನಾನು ಮನೆಯವರ ಪರವಾಗಿ ಹೇಳುತ್ತಿಲ್ಲ. ಮುಂದಿನದು ಅರ್ಥವಾಗಬೇಕಾದರೆ ಇದು ತಿಳಿದಿರಬೇಕು.

ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಮನೆಮಂದಿಯ ಫೋಟೋ ತೆಗೆಸುವ ಹುಚ್ಚು. ಸೊಸೆ ಬಂದರೆ ಒಂದು, ಮೊಮ್ಮಗು ಹುಟ್ಟಿದರೆ ಒಂದು, ದೀಪಾವಳಿಗೆ ಎಲ್ಲರೂ ಕೂಡಿದರೆ ಇನ್ನೊಂದು. ತೊಂಬತ್ತರ ದಶಕದ ಆ ಎಲ್ಲ ಫೋಟೋಗಳನ್ನು ತೆಗೆದವನು ರುದ್ರಪ್ಪ. ಸವದತ್ತಿಯ ಎಲ್ಲಮ್ಮನ ಗುಡ್ಡದ ಕೆಳಗೆ, ಉಗರಗೋಳದಲ್ಲಿ, ಜಾತ್ರೆಗೆ ಬಂದವರನ್ನು ಬಣ್ಣದ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದವನು, ನಾಲ್ಕು ಕಾಸು ಕೂಡಿದ ಮೇಲೆ ನಮ್ಮ ಊರಿಗೆ ಬಂದು ಸ್ಟುಡಿಯೋ ಹಾಕಿದ್ದ.

ಮನೆಮಂದಿಯ ಫೋಟೋ ಎಂದರೆ ಒಂದು ಗುಂಡಿ ಒತ್ತುವ ಕೆಲಸ ಎಂದು ಈಗಿನವರು ತಿಳಿದಿರಬಹುದು. ಆಗ ಅದಕ್ಕೆ ಅರ್ಧ ದಿನ ಬೇಕಾಗುತ್ತಿತ್ತು. ರುದ್ರಪ್ಪ ಬೆಳಿಗ್ಗೆಯೇ ಬಂದು ಅಂಗಳದಲ್ಲಿ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ನೋಡುತ್ತಿದ್ದ. ಗೋಡೆಗೆ ಜಮಖಾನೆ ಕಟ್ಟಿಸಿ, ಹಿಂದಿನ ಸಾಲಿನವರು ನಿಲ್ಲಲು ಬೆಂಚು ಹಾಕಿಸಿ, ಎದುರಿಗೆ ಹುಡುಗರು ಕೂಡಲು ಚಾಪೆ ಹಾಸಿಸುತ್ತಿದ್ದ. ನಟ್ಟನಡುವೆ ಆಯಿಗೆಂದು ತನ್ನ ಸ್ಟುಡಿಯೋದ ಕೈಯಿದ್ದ ಸಾಗುವಾನಿ ಕುರ್ಚಿಯನ್ನು ಸೈಕಲ್ಲಿಗೆ ಬಿಗಿದು ತರುತ್ತಿದ್ದ. ನಮ್ಮ ಮನೆಯ ಕುರ್ಚಿಗಳು ಅವನಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಒಳಗೆ ನೀಲವ್ವತ್ತಿ ಹುಡುಗಿಯರ ಜಡೆ ಹೆಣೆದು, ಹುಡುಗರ ಕಿವಿಯ ಹಿಂದೆ ಒರೆಸಿ, ಗಂಡಸರ ಧೋತರದ ನಿರಿಗೆ ತಿದ್ದಿ, ಅವ್ವ ಮತ್ತು ಕಕ್ಕಿಯ ಸೆರಗು ಒಂದೇ ಅಳತೆಗೆ ಇಳಿಯುವಂತೆ ಪಿನ್ನು ಚುಚ್ಚುತ್ತಿದ್ದಳು. ಆ ಹೊತ್ತಿಗೆ ಹೊರಗಿನಿಂದ ರುದ್ರಪ್ಪನ ದನಿ ಕೇಳುತ್ತಿತ್ತು.

“ನೀಲಕ್ಕಾ, ಬೆಳಕು ನೋಡ್ತೇನಿ, ಒಂದೀಟು ಬಂದು ಕುಂದ್ರು.”

ಆಯಿಗೆ ಮಂಡಿನೋವು. ಆಕೆಯನ್ನು ಬಿಸಿಲಿನಲ್ಲಿ ಕೂಡಿಸಿ ಅಳತೆ ನೋಡುವಂತಿರಲಿಲ್ಲ. ಆದ್ದರಿಂದ ನೀಲವ್ವತ್ತಿ ಆ ಕುರ್ಚಿಯಲ್ಲಿ ಕೂಡುತ್ತಿದ್ದಳು. ಮೇಲಿನಿಂದ ಬಗ್ಗಿ ನೋಡುವ ಹಳೆಯ ಕ್ಯಾಮೆರಾ ಅವನದು. ಅದರ ಗಾಜಿನಲ್ಲಿ ಕಂಡದ್ದನ್ನು ಅವನು ಪೂರ್ತಿ ನಂಬುತ್ತಿರಲಿಲ್ಲ. ಕ್ಯಾಮೆರಾದ ಸ್ಟ್ಯಾಂಡಿಗೆ ಕಟ್ಟಿದ ಒಂದು ದಾರವನ್ನು ಎಳೆದು ತಂದು, ಅದರ ತುದಿಯನ್ನು ಆಕೆಯ ಹುಬ್ಬುಗಳ ನಡುವೆ ಹಿಡಿದು ದೂರ ಅಳೆಯುತ್ತಿದ್ದ. ಆಯಿ ಆಕೆಗಿಂತ ಕುಳ್ಳು. ಅದು ಗೊತ್ತಿದ್ದರಿಂದ ಆಕೆ ಯಾರೂ ಹೇಳದಿದ್ದರೂ ಆಯಿಯಷ್ಟೇ ಎತ್ತರಕ್ಕೆ ಕುಗ್ಗಿ ಕೂಡುತ್ತಿದ್ದಳು.

“ಅವ್ವನ ಕುರ್ಚಿ ಬಿಸಿ ಮಾಡಾಕ ನಮ್ಮಕ್ಕನ ಬೇಕು,” ಎಂದು ಕಾಕಾ ಚೇಷ್ಟೆ ಮಾಡುತ್ತಿದ್ದ.

“ಬಿಸಿ ಮಾಡಿ ಕೊಟ್ಟೇನಿ. ಆರೂದ್ರಾಗ ಆಕಿನ್ನ ಕರಕೊಂಡ ಬರ್ರಿ,” ಎಂದು ಆಕೆ ನಗುತ್ತಿದ್ದಳು.

“ಸಾಕು, ಏಳಿನ್ನ,” ಎಂದು ರುದ್ರಪ್ಪ ದಾರ ಸುತ್ತಿಕೊಳ್ಳುತ್ತಿದ್ದ. ಆಕೆ ಏಳುತ್ತಿದ್ದಳು. ಆಯಿ ಬಂದು ಕೂಡುತ್ತಿದ್ದಳು. ನೀಲವ್ವತ್ತಿ ಕ್ಯಾಮೆರಾದ ಹಿಂದೆ ಹೋಗಿ ನಿಂತು, ಕೈಯಲ್ಲಿನ ಸೌಟು ಆಡಿಸಿ, ಹುಬ್ಬು ಕುಣಿಸಿ ನಮ್ಮನ್ನು ನಗಿಸುತ್ತಿದ್ದಳು. ನಮ್ಮ ಪಡಸಾಲೆಯ ಗೋಡೆಯ ಮೇಲೆ ಸಾಲಾಗಿ ತೂಗುತ್ತಿರುವ ಆ ಫೋಟೋಗಳಲ್ಲಿ ನಾವೆಲ್ಲ ನಗುತ್ತಿದ್ದೇವೆ. ಅಷ್ಟೂ ನಗು ಆಕೆಯನ್ನು ನೋಡಿ ನಕ್ಕದ್ದು. ಆಕೆ ಒಂದರಲ್ಲೂ ಇಲ್ಲ.

ಆಕೆ ಹೋದದ್ದು ಹೊಸ ಶತಮಾನದ ಆರಂಭದ ಒಂದು ಬೇಸಿಗೆಯಲ್ಲಿ, ಶಾವಿಗೆ ಹೊಸೆಯುತ್ತಿದ್ದಾಗ, ಎದೆ ಹಿಡಿದುಕೊಂಡು ಗೋಡೆಗೆ ಒರಗಿ. ನಾನು ಎಂ.ಎ. ಮುಗಿಸಿ ಊರಿಗೆ ಬಂದು ಕೆಲವೇ ವಾರಗಳಾಗಿದ್ದವು. ಮಣ್ಣು ಮಾಡಿ ಬಂದ ಮರುದಿನ, ಸತ್ತವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಗೆ ಇಡಲು ಆಕೆಯ ಫೋಟೋ ಬೇಕೆಂದು ಅಪ್ಪ ಕೇಳಿದ. ಕಪಾಟು, ಪೆಟ್ಟಿಗೆ, ಅಟ್ಟ ಎಲ್ಲವನ್ನೂ ತಡಕಿದೆವು. ಮನೆಯಲ್ಲಿ ಆಕೆಯದೊಂದು ಫೋಟೋ ಇರಲಿಲ್ಲ. ಮತದಾರರ ಗುರುತಿನ ಚೀಟಿಗೆ ಶಾಲೆಯಲ್ಲಿ ಫೋಟೋ ತೆಗೆದ ದಿನ, ಮನೆ ನೋಡಿಕೊಳ್ಳಲು ಯಾರಾದರೂ ಇರಬೇಕಲ್ಲ ಎಂದು ಆಕೆ ಉಳಿದಿದ್ದಳು. ಮದುವೆಯದೊಂದು ಇತ್ತೆಂದು ಅಪ್ಪ ಕಟಕೋಳಕ್ಕೆ ಹೋಗಿ ಬಂದ. ಮಳೆಗಾಲದಲ್ಲಿ ಗೋಡೆ ಬಿದ್ದಾಗ ಅದರೊಳಗೆ ಹೋಯಿತೆಂದು ಆಕೆಯ ಗಂಡನ ಮನೆಯವರು ಹೇಳಿ ಕಳಿಸಿದ್ದರು.

ಆ ಸಂಜೆ ಗೋಡೆಯ ಮೇಲಿನ ಫೋಟೋಗಳ ಕೆಳಗೆ ನಿಂತು ನಾನು ನಮ್ಮ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಗಂಡ ಸತ್ತವಳು ಶುಭದ ಫೋಟೋದಲ್ಲಿ ಇರಬಾರದೆಂದು ಯಾರು ಹೇಳಿದರು? ಆಕೆಯನ್ನು ಏಳು ಎಂದವರು ಯಾರು? ನನ್ನ ದನಿ ಏರಿತ್ತು. ಸಾವಿನ ಮನೆಯಲ್ಲಿ ಅದು ಶೋಭಿಸುವುದಿಲ್ಲವೆಂದು ಗೊತ್ತಿದ್ದೂ ಏರಿಸಿದ್ದೆ.

“ನಾವ್ಯಾರರ ಬ್ಯಾಡ ಅಂದೇವೇನು?” ಎಂದ ಕಾಕಾ. “ಆಕೀನ ಏಳತಿದ್ಲು. ನೀನೂ ನೋಡೀದಿ.”

“ನಾ ಮನೀಗೆ ಬಂದ ಸೊಸಿ. ಮನ್ಯಾಗ ಅತ್ತಿಯಾರು ಇರೂಮುಂದ ನಾ ಏನ್ ಹೇಳಾಕಿ,” ಎಂದಳು ಅವ್ವ.

ಅಪ್ಪ ಎದ್ದು ಅಂಗಳಕ್ಕೆ ಹೋದ. ಕಾಕಾ ಹೇಳಿದ್ದು ನಿಜವಾಗಿತ್ತು. ನಾನೂ ನೋಡಿದ್ದೆ. ನಾನು ಹಿಂದಿನ ಸಾಲಿನಲ್ಲಿ, ಆಕೆ ಹೆಣೆದ ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಆಕೆ ಏಳುವುದನ್ನು ವರ್ಷ ವರ್ಷವೂ ನೋಡಿದ್ದೆ. ಧಾರವಾಡದಲ್ಲಿ ಮಹಿಳೆಯರ ಹಕ್ಕಿನ ಬಗ್ಗೆ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪನ್ನು ಹಿಡಿದು ನಿಂತ ನನ್ನ ಫೋಟೋವೂ ಆ ಗೋಡೆಯ ಮೇಲಿದೆ.

ಮರುದಿನ ರುದ್ರಪ್ಪನನ್ನು ಕರೆಸಿದರು. ಬೆಳಕು ನೋಡುವಾಗ ಒಂದಾದರೂ ತೆಗೆದಿರಬಹುದೆಂಬ ಆಸೆ ಎಲ್ಲರಿಗೂ ಇತ್ತು. ಅವನು ಇಲ್ಲವೆಂದು ತಲೆಯಾಡಿಸಿದ. ಬೆಳಕು ನೋಡಲು ಯಾರೂ ಫಿಲ್ಮು ಸುಡುವುದಿಲ್ಲ. ನಂತರ ಅವನೇ ಒಂದು ದಾರಿ ಹೇಳಿದ. ಫೋಟೋ ಇಲ್ಲದೆ ತೀರಿಕೊಂಡವರಿಗೆ, ಅವರನ್ನು ಹೋಲುವ ರಕ್ತಸಂಬಂಧಿಯನ್ನು ಅವರ ಬಟ್ಟೆಯಲ್ಲಿ ಕೂಡಿಸಿ ಫೋಟೋ ತೆಗೆದು, ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ವಯಸ್ಸು ತರಿಸುವುದುಂಟು.

“ಅಣ್ಣನ ಸಲುವಾಗಿ ತಮ್ಮ ಕುಂತದ್ದು, ಅವ್ವನ ಸಲುವಾಗಿ ಮಗಳು ಕುಂತದ್ದು, ಊರಾಗ ಎಷ್ಟೋ ಅದಾವ್ರಿ. ಹಾರ ಹಾಕಿದ ಮ್ಯಾಲೆ ಯಾರಿಗೂ ತಿಳಿಯಂಗಿಲ್ಲ,” ಎಂದ.

ಎಲ್ಲರೂ ನನ್ನತ್ತ ನೋಡಿದರು. ನನ್ನ ಮುಖ ನೀಲವ್ವತ್ತಿಯದೇ ಎಂದು ಚಿಕ್ಕಂದಿನಿಂದ ಹೇಳುತ್ತಿದ್ದರು. ನಾನು ಖಡಾಖಂಡಿತವಾಗಿ ಆಗದೆಂದೆ. ಇದ್ದಾಗ ಕೊಡದ ಜಾಗವನ್ನು ಸತ್ತ ಮೇಲೆ ಸುಳ್ಳು ಮುಖದಿಂದ ತುಂಬುವುದು ಎರಡನೆಯ ಅನ್ಯಾಯ ಎಂದು ಅಂದದ್ದು ನೆನಪಿದೆ. ಆಗ ಮೂಲೆಯಲ್ಲಿ ಕುಳಿತಿದ್ದ ಆಯಿ ಬಾಯಿ ತೆರೆದಳು.

“ಆಕಿ ನಮ್ಮೆಲ್ಲಾರ ಸಲುವಾಗಿ ಕುಂತಾಳ. ಆಕಿ ಸಲುವಾಗಿ ಒಬ್ಬರರ ಕುಂದರ್ರಿ.”

ನಾನು ಎದ್ದು ನೀಲವ್ವತ್ತಿಯ ಪೆಟ್ಟಿಗೆಯಿಂದ ಆಕೆಯ ಸೀರೆಯೊಂದನ್ನು ತೆಗೆದೆ.

ಸ್ಟುಡಿಯೋಗೆ ಹೋದದ್ದು ಮಧ್ಯಾಹ್ನದ ಊಟದ ನಂತರ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬೀದಿಯಲ್ಲಿ ಎತ್ತಿನ ಗಾಡಿ, ಟೆಂಪೋಗಳ ಸದ್ದು. ಬೆದರುವಂಥದ್ದು ಏನೂ ಇರಲಿಲ್ಲ. ಅವ್ವ ಜೊತೆಗೆ ಬಂದಿದ್ದಳು. ಒಳಕೋಣೆಯಲ್ಲಿ ನೀಲವ್ವತ್ತಿಯ ಬೂದುಬಣ್ಣದ ಸೀರೆಯನ್ನು ನನಗೆ ಉಡಿಸಿ, ಸೆರಗನ್ನು ತಲೆಯ ಮೇಲೆ ಹೊದಿಸಿ, ಹಣೆಗೆ ವಿಭೂತಿ ಹಚ್ಚಿದಳು. ಸೀರೆಯಲ್ಲಿ ಇನ್ನೂ ಒಗ್ಗರಣೆಯ ವಾಸನೆ ಇತ್ತು. ಅವ್ವ ನಿರಿಗೆ ಹಿಡಿಯುತ್ತ ಮುಖ ತಿರುಗಿಸಿಕೊಂಡಳು.

ಅದೇ ಕುರ್ಚಿ. ರುದ್ರಪ್ಪ ಪರದೆಯ ಮುಂದೆ ಅದನ್ನಿಟ್ಟು, ನನ್ನನ್ನು ಕೂಡಿಸಿ, ಎರಡೂ ಬದಿಯ ದೀಪಗಳನ್ನು ಹಿಂದೆ ಮುಂದೆ ಮಾಡಿ, ನನ್ನ ಮೂಗಿನ ನೆರಳು ತುಟಿಗೆ ತಾಗದಂತೆ ನೋಡಿಕೊಂಡ. ದಾರ ಎಳೆದು ತಂದು ಅದರ ತುದಿಯನ್ನು ನನ್ನ ಹುಬ್ಬುಗಳ ನಡುವೆ ಹಿಡಿದ. ಹಿಂದಕ್ಕೆ ಹೋಗಿ ಕ್ಯಾಮೆರಾದ ಮೇಲೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ, ತಲೆಯೆತ್ತದೆ, ಎಂದಿನ ರೂಢಿಯ ದನಿಯಲ್ಲಿ ಹೇಳಿದ:

“ಸಾಕು, ಏಳಿನ್ನ.”

ನಾನು ಎದ್ದೆ. ಯೋಚಿಸಿ ಎದ್ದದ್ದಲ್ಲ; ಮಾತು ಕಿವಿಗೆ ಬೀಳುವಷ್ಟರಲ್ಲಿ ಮಂಡಿಗಳು ನೆಟ್ಟಗಾಗಿದ್ದವು. ಬೆನ್ನು ಅಲ್ಲಿಯತನಕ ಕುಗ್ಗಿಕೊಂಡಿತ್ತೆಂಬುದು ಎದ್ದಾಗಲೇ ನನಗೆ ತಿಳಿದದ್ದು. ಪರದೆಯ ಬಳಿ ನಿಂತಿದ್ದ ಅವ್ವ, “ಎಲ್ಲಿ ಹೊಂಟಿ? ಕುಂದ್ರು,” ಎಂದಳು. ರುದ್ರಪ್ಪ ನಾಲಿಗೆ ಕಚ್ಚಿಕೊಂಡ. “ತಪ್ಪಾತು ತಂಗಿ, ಬಾಯಿಗೆ ಹಂಗ ಬಂತು,” ಎಂದ. ನಾನು ಮತ್ತೆ ಕುಳಿತೆ. ಬೆನ್ನು ನೆಟ್ಟಗೆ ಮಾಡಿದೆ. ದೀಪ ಮಿಂಚಿತು. ಮತ್ತೆ ಮಿಂಚಿತು. ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ ಇನ್ನೊಮ್ಮೆ, ನೇರವಾಗಿ ಇನ್ನೊಮ್ಮೆ. ಆ ಬೆಳಕಿನ ಹಸಿರು ಕಲೆ ಬೀದಿಗೆ ಬಂದ ಮೇಲೂ ನನ್ನ ಕಣ್ಣೊಳಗೆ ತೇಲುತ್ತಿತ್ತು. ಇದಿಷ್ಟನ್ನು ನಾನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಹೇಳಬಲ್ಲೆ.

ಮರುದಿನ ಮಧ್ಯಾಹ್ನ ರುದ್ರಪ್ಪ ಹೇಳಿ ಕಳಿಸಿದ. ನಾನೊಬ್ಬಳೇ ಹೋದೆ. ಅವನು ಒಣಗಿದ ನೆಗೆಟಿವ್ ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೊದಲಿಗೆ ಯಾರೋ ಒಬ್ಬ ಶಾಲಾಮಾಸ್ತರರ ಮುಖ. ಕೊನೆಗೆ ಮುನವಳ್ಳಿಯಿಂದ ಬಂದ ದಂಪತಿಯ ಮಡಿಲಲ್ಲಿ ಕುಲಾವಿ ಹಾಕಿದ ಕೂಸು. ನಡುವೆ, ಒಂದರ ಪಕ್ಕ ಒಂದರಂತೆ, ಕುರ್ಚಿ. ಪರದೆ ಇತ್ತು, ಎರಡೂ ಬದಿಯಿಂದ ಬಿದ್ದ ಬೆಳಕು ಇತ್ತು, ಸಾಗುವಾನಿಯ ಎರಡು ಕೈಗಳಿದ್ದವು. ಕುರ್ಚಿ ಖಾಲಿ.

ನನಗೆ ಮೊದಲು ಬಂದದ್ದು ಸಿಟ್ಟು. ನಾನು ಕೂಡುವ ಮೊದಲೇ ಒತ್ತಿರಬೇಕು, ವಯಸ್ಸಾಗಿದೆ, ಕೆಲಸ ಬಿಡು ಎಂದೆಲ್ಲ ಅಂದೆ. ಅವನು ಅಚ್ಚು ಹಾಕಿಟ್ಟಿದ್ದ ಒಂದು ಪ್ರತಿಯನ್ನು ನನ್ನ ಮುಂದಿಟ್ಟ. ನಾನು ಭೂತಗನ್ನಡಿ ಇಸಿದುಕೊಂಡು ನೋಡಿದೆ. ತಪ್ಪು ಹಿಡಿಯಲೆಂದೇ ನೋಡಿದೆ. ಕುರ್ಚಿಯ ಬೆನ್ನಿನ ಕೆತ್ತನೆ ತುಸು ಮಸುಕಾಗಿತ್ತು. ಅದಕ್ಕಿಂತ ಮುಂದೆ ಚಾಚಿದ ಕೈಗಳ ತುದಿಗಳಲ್ಲಿ ಮರದ ಒಂದೊಂದು ಗೆರೆಯೂ ಸ್ಪಷ್ಟವಾಗಿತ್ತು. ಅಂದರೆ ಕ್ಯಾಮೆರಾ ಖಾಲಿ ಕುರ್ಚಿಯನ್ನು ನೋಡಿರಲಿಲ್ಲ. ಕುಳಿತವರೊಬ್ಬರ ಹುಬ್ಬುಗಳ ನಡುವಿನ, ದಾರ ಅಳೆದ ಜಾಗವನ್ನು ನೋಡಿತ್ತು. ಆ ಜಾಗದಲ್ಲಿ ಯಾರೂ ಇರಲಿಲ್ಲ.

“ನಾ ಗಾಜಿನ್ಯಾಗ ನೋಡ್ದಾಗ ನೀ ಕುಂತಿದ್ದೆಲ್ಲವಾ,” ಎಂದ ರುದ್ರಪ್ಪ. ನನ್ನನ್ನು ಕೇಳಿದನೋ, ತನಗೇ ಹೇಳಿಕೊಂಡನೋ ತಿಳಿಯಲಿಲ್ಲ. ನೆಗೆಟಿವ್ ಸುರುಳಿಯನ್ನು ಸುತ್ತಿಡುತ್ತ, “ಅಷ್ಟು ವರ್ಷ ಕುಂದ್ರಿಸಿ ಎಬ್ಬಿಸಿದೆ. ಒಂದು ಫಿಲ್ಮು ಸುಟ್ಟಿದ್ರ ನಂದೇನು ಹೋಗತಿತ್ತು,” ಎಂದ. ನಾನು ಆ ಮಾತಿಗೆ ಸಮಾಧಾನ ಹೇಳಲಿಲ್ಲ. ಹೇಳಬಾರದೆಂದೇ ಹೇಳಲಿಲ್ಲ.

ಮನೆಗೆ ಬಂದು ಅವ್ವನನ್ನು ಕೇಳಿದೆ. ನಾನು ಕುಳಿತದ್ದು ಹೌದೋ ಅಲ್ಲವೋ? ಮಿಂಚಿದಾಗಲೆಲ್ಲ ನಾನು ಕುರ್ಚಿಯಲ್ಲಿಯೇ ಇದ್ದೆನೋ ಇಲ್ಲವೋ? ಅವ್ವ ತಾನು ನೋಡಿದ್ದನ್ನು ನನ್ನಂತೆಯೇ, ಅದೇ ಕ್ರಮದಲ್ಲಿ ಹೇಳಿದಳು. ಒಮ್ಮೆ ಎದ್ದದ್ದು, ತಾನು ಗದರಿಸಿದ್ದು, ಮತ್ತೆ ಕುಳಿತದ್ದು. ಆನಂತರ ಅಚ್ಚುಪ್ರತಿಯನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಂಡವರು ಯಾರು ಎಂಬ ನನ್ನ ಹಳೆಯ ಪ್ರಶ್ನೆಗೆ ಈಗ ಸಾಕ್ಷಿಗಳಿದ್ದರು. ಉತ್ತರ ಮಾತ್ರ ಇರಲಿಲ್ಲ.

ಇನ್ನೊಮ್ಮೆ ತೆಗೆಸೋಣ, ಬೆಳಗಾವಿಗೆ ಹೋಗೋಣ, ಅಲ್ಲಿ ಹೊಸ ಕ್ಯಾಮೆರಾ ಬಂದಿವೆ, ತೆಗೆದ ಕೂಡಲೇ ಕಾಣಿಸುತ್ತದೆ ಎಂದು ಕಾಕಾ ಹೇಳಿದ. ಆಯಿ ಬೇಡವೆಂದು ಕೈಯಾಡಿಸಿದಳು. ನಾನೂ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇನ್ನೊಮ್ಮೆ ಕುಳಿತು, ಇನ್ನೊಮ್ಮೆ ಚಿತ್ರದಲ್ಲಿ ಇಲ್ಲವಾಗುವ ಹೆದರಿಕೆ. ಆ ರಾತ್ರಿ ಹಾಸಿಗೆಯಲ್ಲಿ ನನಗೆ ಹೊಳೆದದ್ದು ಇಷ್ಟೇ: ಬೆಳಕಿನ ಎದುರು ಸಿಂಗರಿಸಿಕೊಂಡು ಕುಳಿತು, ಅಳತೆ ಕೊಟ್ಟು, ಕೊನೆಗೆ ಚಿತ್ರದಲ್ಲಿ ಇಲ್ಲವಾಗುವುದು ಹೇಗಿರುತ್ತದೆಂದು ನನಗೆ ಒಂದೇ ಸಲಕ್ಕೆ ಇಷ್ಟು ತಿಳಿದರೆ, ಆಕೆಗೆ ಎಷ್ಟು ತಿಳಿದಿರಬೇಕು.

ನಾನು ಆ ಖಾಲಿ ಕುರ್ಚಿಯ ಪ್ರತಿಗೆ ಕಟ್ಟು ಹಾಕಿಸಿದೆ. ಶಿವಗಣಾರಾಧನೆಯ ದಿನ ಅದನ್ನೇ ಇಡಬೇಕೆಂದು ಹಟ ಹಿಡಿದೆ. ಬಂದವರು ಏನಂದಾರು ಎಂದು ಕಾಕಾ ಕೂಗಾಡಿದ. ಏನು ಬೇಕಾದರೂ ಕೇಳಲಿ, ಕೇಳಿದವರಿಗೆ ನೀವೇ ಉತ್ತರ ಕೊಡಿ ಎಂದೆ. ಕೊನೆಗೆ ಅಪ್ಪ ಎದ್ದು ಅದನ್ನು ಮಣೆಯ ಮೇಲಿಟ್ಟು ವಿಭೂತಿ ಹಚ್ಚಿ ಹಾರ ಹಾಕಿದ. ಮುಂದೆ ಅದು ಪಡಸಾಲೆಯ ಗೋಡೆಗೇರಿತು. ಸುತ್ತಲಿನ ಫೋಟೋಗಳಲ್ಲಿ ನಾವು ನಗುತ್ತಿದ್ದೇವೆ. ನಡುವೆ ಕುರ್ಚಿ ಇದೆ.

ನನ್ನ ಸಹಪಾಠಿಗಳು ಆಮೇಲೆ ನೂರು ವಿವರಣೆ ಕೊಟ್ಟಿದ್ದಾರೆ. ಫಿಲ್ಮು ಹಳೆಯದಿರಬಹುದು, ಮುದುಕ ಸುಳ್ಳಾಡಿರಬಹುದು, ದುಃಖದಲ್ಲಿ ತಾಯಿಮಕ್ಕಳಿಬ್ಬರ ನೆನಪೂ ಒಂದೇ ಬಗೆಯಲ್ಲಿ ಕೆಟ್ಟಿರಬಹುದು. ಒಂದೊಂದನ್ನೂ ನಾನು ಪ್ರಾಮಾಣಿಕವಾಗಿ ಪರೀಕ್ಷಿಸಿದ್ದೇನೆ. ಒಂದೂ ಆ ಕುರ್ಚಿಯ ಕೈಗಳ ಮೇಲಿನ ಸ್ಪಷ್ಟ ಗೆರೆಗಳನ್ನು ದಾಟಿ ಮುಂದೆ ಹೋಗುವುದಿಲ್ಲ. ನಾನು ಏಕೆ ಆ ಚಿತ್ರದಲ್ಲಿ ಇಲ್ಲ ಎಂಬುದು ನನಗೆ ಈವರೆಗೆ ತಿಳಿದಿಲ್ಲ.

ಇದಾಗಿ ಎರಡು ವರ್ಷಕ್ಕೆ, ಶ್ರಾವಣದಲ್ಲಿ, ಕಿತ್ತೂರಿನಿಂದ ನನ್ನನ್ನು ನೋಡಲು ವರನ ಕಡೆಯವರು ಬಂದಿದ್ದರು. ಅವರಲ್ಲೊಬ್ಬ ಹಿರಿಯರು ಚಹಾ ಕುಡಿಯುತ್ತ ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡಿ, ಹಾರ ಹಾಕಿದ ಕುರ್ಚಿಯ ಬಳಿ ನಿಂತುಬಿಟ್ಟರು.

“ಇದೇನ್ರಿ ಯಜಮಾನ್ರ, ಖಾಲಿ ಕುರ್ಚಿಗೆ ಹಾರ ಹಾಕೀರಿ?”

ಕಾಕಾ ಮಾತು ಬದಲಿಸಲು ಬಾಯಿ ತೆರೆದ. ಅಪ್ಪ ಅವನನ್ನು ತಡೆದ.

“ಅದು ನಮ್ಮಕ್ಕರಿ. ನೀಲವ್ವ ಅಂತ ಹೆಸರು.”

“ಅಕ್ಕ ಎಲ್ಲಿ ಅದಾರ್ರಿ ಇದ್ರಾಗ? ಕಾಣವಲ್ರು.”

ಅಪ್ಪ ಎದ್ದು ಆ ಫೋಟೋದ ಬಳಿಗೆ ಹೋಗಿ ನಿಂತ. ಆಮೇಲೆ, ಬಂದವರೆಲ್ಲರ ಎದುರಿಗೆ, ನಾನು ಅಂದು ಸಂಜೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ.

“ಏಳು ಅಂತ ನಾವು ಯಾರೂ ಅಂದಿಲ್ರಿ. ಇರು ಅಂತನೂ ಅನ್ನಲಿಲ್ಲ.”